ಡೇರಿಗೆ ಬಾರದ ಆಕಳು: ಸರ್ವೆಯ ಲೆಕ್ಕ ಎಲ್ಲಿ ವಾಲುತ್ತದೆ?



ಬೆಳಿಗ್ಗೆ ಡೇರಿಯಲ್ಲಿ ಸ್ಯಾಂಪಲ್ ತೆಗೆಯುವ ಕೈಯನ್ನು ನೀವು ಎಷ್ಟು ಕಣ್ಣಿಟ್ಟು ನೋಡುತ್ತೀರಿ ಎನ್ನುವುದು ನನಗೆ ಗೊತ್ತು. ಸ್ವಲ್ಪ ಹೊತ್ತು ನಿಂತ ಹಾಲಿನಲ್ಲಿ ಕೆನೆ ಮೇಲಕ್ಕೆ ಏರಿರುತ್ತದೆ. ಕದಡದೆ ಮೇಲಿನಿಂದ ಅದ್ದಿದರೆ ಫ್ಯಾಟ್ ಹೆಚ್ಚು ಬರುತ್ತದೆ, ತಳದಿಂದ ತೆಗೆದರೆ ಕಡಿಮೆ. ನಮ್ಮ ಹಾಲನ್ನು ತಳದಿಂದ ತೆಗೆದರೆ ಜಗಳ, ಮೇಲಿನಿಂದ ತೆಗೆದರೆ ಸುಮ್ಮನೆ ನಿಲ್ಲುವುದು ಎಲ್ಲ ಊರಿನಲ್ಲೂ ಇದ್ದದ್ದೇ. ಅದಕ್ಕಾಗಿಯೇ ಮೊದಲು ಪ್ಲಂಜರ್ ಹಾಕಿ ಮೇಲೆ ಕೆಳಗೆ ಚೆನ್ನಾಗಿ ಕಲಸಿ, ಆಮೇಲೆ ಸ್ಯಾಂಪಲ್ ತೆಗೆಯಬೇಕು ಎನ್ನುವ ನಿಯಮ.

ಈ ಸಲದ ಪಾಠ ಇದೇ ಮಾತಿನದು. ಆದರೆ ಕ್ಯಾನಿನ ಬದಲು ಇಡೀ ಊರನ್ನು ಇಟ್ಟುಕೊಂಡು ನೋಡೋಣ. ಊರಿನ ದನಗಳಿಗೆ ಏನು ರೋಗ ಇದೆ, ಎಷ್ಟು ಹಾಲು ಆಗುತ್ತಿದೆ, ಎಷ್ಟು ಲಸಿಕೆ ಬೇಕು ಎಂದು ತಿಳಿಯಲು ನಾವು ಎಲ್ಲ ಕೊಟ್ಟಿಗೆಗಳನ್ನೂ ನೋಡಲಾಗುವುದಿಲ್ಲ. ಕೆಲವನ್ನು ನೋಡಿ ಎಲ್ಲದರ ಬಗ್ಗೆ ತೀರ್ಮಾನ ಮಾಡುತ್ತೇವೆ. ಆ ಕೆಲವನ್ನು ಕದಡಿ ತೆಗೆದೆವೋ, ಮೇಲಿನ ಕೆನೆಯನ್ನಷ್ಟೇ ತೆಗೆದೆವೋ ಎನ್ನುವುದೇ ಪ್ರಶ್ನೆ.

ಲೆಕ್ಕದಲ್ಲಿ ತಪ್ಪು ಎರಡು ಥರ. ಅಳೆಯುವಾಗ ಒಮ್ಮೆ ಸ್ವಲ್ಪ ಹೆಚ್ಚು, ಒಮ್ಮೆ ಸ್ವಲ್ಪ ಕಡಿಮೆ ಆಗುವುದು ಒಂದು. ಹತ್ತಾರು ಸಲ ಅಳೆದರೆ ಅದು ತಾನಾಗಿಯೇ ಸರಿದೂಗುತ್ತದೆ. ಇನ್ನೊಂದು, ತಕ್ಕಡಿಯ ತಟ್ಟೆಯ ಕೆಳಗೆ ಹುಣಸೆಹಣ್ಣು ಅಂಟಿಸಿದಂಥ ತಪ್ಪು. ನೂರು ಸಲ ತೂಗಿದರೂ ಅದು ಒಂದೇ ಕಡೆಗೆ ವಾಲುತ್ತದೆ. ಸರ್ವೆಯಲ್ಲಿ ಈ ಎರಡನೆಯದನ್ನು ವಾಲಿಕೆ ಎಂದು ಕರೆಯೋಣ. ಸ್ಯಾಂಪಲ್ ಸಂಖ್ಯೆ ಹೆಚ್ಚಿಸಿದರೆ ಅದು ಹೋಗುವುದಿಲ್ಲ.

ಇದನ್ನು ನಾನು ಕಾಲೇಜಿನಲ್ಲಿ ಓದಿದ್ದೆ. ಆದರೆ ಕಲಿತದ್ದು ಹೊಳೆಸಾಲಿನ ಒಂದು ಊರಿನಲ್ಲಿ, ನಾನೇ ತಪ್ಪು ಮಾಡಿ.

ಕೆಲಸಕ್ಕೆ ಸೇರಿದ ಹೊಸತು. ಕಂದು ರೋಗ, ಅಂದರೆ ಬ್ರುಸೆಲ್ಲೋಸಿಸ್, ಆ ಊರಲ್ಲಿ ಇದೆಯೇ ಎಂದು ನೋಡಬೇಕಿತ್ತು. ಬೆಳಗಿನ ಹೊತ್ತು ಡೇರಿಗೆ ಹೋದೆ. ಕ್ಯಾನುಗಳಿಂದ ಹಾಲು ತೆಗೆದು ಉಂಗುರ ಪರೀಕ್ಷೆ ಮಾಡಿದೆ. ಬಣ್ಣ ಹಾಕಿದ ಔಷಧವನ್ನು ಹಾಲಿಗೆ ಬೆರೆಸಿ ಇಟ್ಟಾಗ ಕೆನೆಯ ಪದರದಲ್ಲಿ ನೀಲಿ ಉಂಗುರ ಕಂಡರೆ ಅನುಮಾನ, ಕಾಣದಿದ್ದರೆ ಇಲ್ಲ. ಅಂದು ಯಾವುದರಲ್ಲೂ ಉಂಗುರ ಬರಲಿಲ್ಲ. ಸಾಲಿನಲ್ಲಿ ನಿಂತವರನ್ನು "ಯಾರದಾದ್ರೂ ಆಕಳ ಈ ವರ್ಷ ತಿಂಗಳ ತುಂಬದ ಕರಾ ಹಾಕೇತೇನ್ರಿ?" ಎಂದು ಕೇಳಿದೆ. ಯಾರೂ ಕೈ ಎತ್ತಲಿಲ್ಲ. "ತೊಂದರೆ ಕಂಡುಬಂದಿಲ್ಲ" ಎಂದು ಬರೆದು ಮುಗಿಸಿದೆ.

ಕೆಲವು ತಿಂಗಳ ನಂತರ ಅದೇ ಊರಿನ ಹಳ್ಳದಾಚೆಯ ಒಂದು ತೋಟದ ಮನೆಗೆ ಎಮ್ಮೆ ನೋಡಲು ಕರೆದರು. ಪಡಸಾಲೆಯಲ್ಲಿ ಮನೆಯ ಮಗ ಮಲಗಿದ್ದ. ಬಹಳ ದಿನದಿಂದ ಜ್ವರ. ಬರುತ್ತದೆ, ಹೋಗುತ್ತದೆ, ರಾತ್ರಿ ಮೈಯೆಲ್ಲ ಬೆವರು, ಸೊಂಟ ಹಿಡಿದುಕೊಂಡಿದೆ. ತಾಯಿಯನ್ನು ಕೇಳಿದೆ. ಅವರು ಹೇಳಿದ್ದು ಇಷ್ಟು: "ಹೋದ ಶ್ರಾವಣದಾಗ ನಮ್ಮ ಆಕಳ ಏಳ್ ತಿಂಗಳಿಗೆ ಕರಾ ಹಾಕಿತ್ರಿ. ಕಸ ಬೀಳಲಿಲ್ಲ. ಇವನ ಕೈ ಹಾಕಿ ತಗದ. ಆಮ್ಯಾಲ ಹಾಲೂ ಇಲ್ಲ ಏನೂ ಇಲ್ಲಂತ ಸಂತ್ಯಾಗ ಕೊಟ್ಟಬಿಟ್ವಿ."

"ನಾ ಅವತ್ತ ಡೇರಿಯೊಳಗ ಕೇಳಿದಾಗ ಯಾಕ ಹೇಳಲಿಲ್ರಿ ಅವ್ವಾರ?" ಎಂದೆ.

"ನೀವು ಡೇರಿಗೆ ಹಾಲ ಹಾಕೋ ದನದ್ದ ಕೇಳಾಕತ್ತಿದ್ರಲ್ರಿ ಸಾಹೇಬ್ರ. ಅದು ಮಾರಿ ಹೋಗಿತ್ತ."

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಕಂದು ಹಾಕಿದ ಆಕಳಿನ ಹಾಲು ಡೇರಿಯ ಕ್ಯಾನಿಗೆ ಬರುವುದೇ ಕಡಿಮೆ. ಕೆಲವು ಬತ್ತಿರುತ್ತವೆ, ಕೆಲವು ಮಾರಿಹೋಗಿರುತ್ತವೆ. ನಾನು ಕ್ಯಾನಿನಲ್ಲಿ ಹುಡುಕಿದ್ದು, ಕ್ಯಾನಿಗೆ ಬಾರದ ಆಕಳನ್ನು. ಬಂದ ಸ್ವಲ್ಪ ಹಾಲು ಕೂಡ ಹತ್ತಾರು ಆಕಳ ಹಾಲಿನಲ್ಲಿ ಸೇರಿ ತೆಳುವಾಗಿ ಪರೀಕ್ಷೆಗೆ ಕಾಣದೆ ಹೋಗಬಹುದು. ಮಗನ ರಕ್ತ ಪರೀಕ್ಷೆ ಮಾಡಿಸಲು ಬರೆದುಕೊಟ್ಟೆ. ರೋಗ ಅದೇ ಆಗಿತ್ತು. ಔಷಧ ಹಲವು ವಾರ ತೆಗೆದುಕೊಂಡ ಮೇಲೆ ಸುಧಾರಿಸಿದ. ಆ ಆಕಳು ಯಾರ ಕೊಟ್ಟಿಗೆಗೆ ಹೋಯಿತು ಎನ್ನುವುದು ಇಂದಿಗೂ ಗೊತ್ತಿಲ್ಲ.

ಲೆಕ್ಕಕ್ಕೆಂದು ಒಂದು ಊರು ಇಟ್ಟುಕೊಳ್ಳಿ. ಒಟ್ಟು 200 ಆಕಳು, ಅದರಲ್ಲಿ ಒಂದು ವರ್ಷದಲ್ಲಿ 20 ಕಂದು ಹಾಕಿವೆ. ಅಂದರೆ ನೂರಕ್ಕೆ ಹತ್ತು. ಆ 20ರಲ್ಲಿ 12 ಸಂತೆಗೆ ಹೋದವು, 5 ಬತ್ತಿ ನಿಂತಿವೆ, ಬರೀ 3 ಹಾಲು ಕೊಡುತ್ತಿವೆ. ಊರಲ್ಲಿ ಈಗ ಹಾಲು ಕೊಡುವ ಆಕಳು ಒಟ್ಟು 120. ಡೇರಿಯಲ್ಲಿ ನಿಂತು ನೋಡಿದವನಿಗೆ ಸಿಗುವುದು 120ಕ್ಕೆ 3, ಅಂದರೆ ನೂರಕ್ಕೆ ಎರಡೂವರೆ. 30 ಆಕಳು ಪರೀಕ್ಷಿಸಿದರೆ ಆ ಎರಡೂವರೆಯ ಆಚೀಚೆ ಬರುತ್ತದೆ. 120ನ್ನೂ ಪರೀಕ್ಷಿಸಿದರೆ ಸರಿಯಾಗಿ ಎರಡೂವರೆಯೇ ಬರುತ್ತದೆ. ಖರ್ಚು ನಾಲ್ಕು ಪಟ್ಟು ಆಯಿತು, ತಪ್ಪು ಮಾತ್ರ ಇನ್ನಷ್ಟು ಗಟ್ಟಿಯಾಯಿತು.

ಸ್ಯಾಂಪಲ್ ದೊಡ್ಡದಿದ್ದರೆ ಸಾಕು ಎನ್ನುವ ಭ್ರಮೆ ದೊಡ್ಡ ದೊಡ್ಡವರಿಗೂ ಇತ್ತು. 1936ರಲ್ಲಿ ಅಮೆರಿಕದ ಲಿಟರರಿ ಡೈಜೆಸ್ಟ್ ಎನ್ನುವ ಪತ್ರಿಕೆ ಅಧ್ಯಕ್ಷ ಚುನಾವಣೆಗೆ ಮೊದಲು ಸುಮಾರು ಒಂದು ಕೋಟಿ ಜನರಿಗೆ ಮತಚೀಟಿ ಕಳಿಸಿತು. ಇಪ್ಪತ್ತು ಲಕ್ಷಕ್ಕೂ ಹೆಚ್ಚು ಉತ್ತರ ಬಂದವು. ಲ್ಯಾಂಡನ್ ಗೆಲ್ಲುತ್ತಾರೆ ಎಂದು ಅದು ಬರೆಯಿತು. ಗೆದ್ದದ್ದು ರೂಸ್‌ವೆಲ್ಟ್, ಅದೂ 48 ರಾಜ್ಯಗಳಲ್ಲಿ 46ನ್ನು. ವಿಳಾಸ ತೆಗೆದದ್ದು ಟೆಲಿಫೋನ್ ಪಟ್ಟಿ, ಕಾರು ನೋಂದಣಿ ಪಟ್ಟಿಗಳಿಂದ. ಆ ಬರಗಾಲದಂಥ ದಿನಗಳಲ್ಲಿ ಫೋನು, ಕಾರು ಇಟ್ಟವರು ಯಾರು? ಜೊತೆಗೆ, ಚೀಟಿ ಬಂದವರಲ್ಲಿ ಮುಕ್ಕಾಲು ಪಾಲು ಜನ ಉತ್ತರವನ್ನೇ ಬರೆಯಲಿಲ್ಲ. ಬರೆದವರು ಬೇರೆ ಮನಸ್ಸಿನವರು, ಬರೆಯದವರು ಬೇರೆ ಮನಸ್ಸಿನವರು.

ನಮ್ಮಲ್ಲೂ ಹಾಗೆಯೇ. ಸಂಘದ ಸದಸ್ಯರ ಪಟ್ಟಿ ಹಿಡಿದು ಸರ್ವೆ ಮಾಡಿದರೆ ಖಾಸಗಿಯವರಿಗೆ ಹಾಲು ಹಾಕುವವರು, ಹೋಟೆಲಿಗೆ ಕೊಡುವವರು, ಮನೆಯ ಹಾಲು ಮನೆಗೇ ಆಗುವ ಒಂದೇ ಎಮ್ಮೆಯ ಬಡವರು ಬಿಟ್ಟುಹೋಗುತ್ತಾರೆ. ಐನಾಪುರ, ಕಾಗವಾಡದ ಕಡೆ ಗಡಿ ಹತ್ತಿರ ಇರುವುದರಿಂದ ಹಾಲು ಯಾವ ಕಡೆಗೆ ಹರಿಯುತ್ತದೆ ಎಂದು ಒಂದೇ ಪಟ್ಟಿ ನೋಡಿ ಹೇಳಲಾಗದು. ಇನ್ನೊಂದು, ನಮ್ಮ ಭಾಗದಲ್ಲಿ ಅರ್ಧ ಊರು ಊರೊಳಗೆ ಇರುವುದಿಲ್ಲ, ತೋಟದಲ್ಲಿ ಇರುತ್ತದೆ. ಜೀಪು ಹೋಗುವ ರಸ್ತೆ ಪಕ್ಕದ ಮನೆಗಳನ್ನಷ್ಟೇ ನೋಡಿದರೆ ಊರು ನೋಡಿದಂತೆ ಅನಿಸುತ್ತದೆ. ದನ ಹೆಚ್ಚು ಇರುವುದು ಕಬ್ಬಿನ ಹೊಲದ ನಡುವಿನ ಕೊಟ್ಟಿಗೆಗಳಲ್ಲಿ. ಮಳೆಗಾಲದಲ್ಲಿ ಅಲ್ಲಿಗೆ ಹೋಗಲು ಬೂಟು ಕೈಯಲ್ಲಿ ಹಿಡಿಯಬೇಕು. ಹಾಗಾಗಿ ನಮ್ಮ ಸಿಬ್ಬಂದಿಯೂ, ನಿಜ ಹೇಳುವುದಾದರೆ ನಾನೂ, ಎಷ್ಟೋ ಸಲ ರಸ್ತೆಯನ್ನೇ ಆರಿಸಿಕೊಂಡಿದ್ದೇವೆ.

ಯಾವಾಗ ನೋಡುತ್ತೀರಿ ಎನ್ನುವುದೂ ಉತ್ತರವನ್ನು ಬದಲಿಸುತ್ತದೆ. ಎಮ್ಮೆಗಳು ಹೆಚ್ಚಾಗಿ ಮಳೆಗಾಲದಿಂದ ಚಳಿಗಾಲದ ಹೊತ್ತಿಗೆ ಈಯುತ್ತವೆ. ಬೇಸಿಗೆಯಲ್ಲಿ ಹೋಗಿ ಎಣಿಸಿದರೆ ಗೊಡ್ಡಿನ ಸಂಖ್ಯೆ ಹೆಚ್ಚು, ದೀಪಾವಳಿ ಹೊತ್ತಿಗೆ ಹೋದರೆ ಊರೆಲ್ಲ ಹಾಲು. ಪಶುಸಂಗೋಪನಾ ಇಲಾಖೆ ಹಾಲು, ಮೊಟ್ಟೆ, ಮಾಂಸ, ಉಣ್ಣೆಯ ಉತ್ಪಾದನೆ ಅಂದಾಜು ಮಾಡುವ ಮಾದರಿ ಸಮೀಕ್ಷೆಯನ್ನು ಮಾರ್ಚ್‌ನಿಂದ ಜೂನ್, ಜುಲೈನಿಂದ ಅಕ್ಟೋಬರ್, ನವೆಂಬರ್‌ನಿಂದ ಫೆಬ್ರವರಿ ಎಂದು ಮೂರು ಹಂಗಾಮುಗಳಲ್ಲಿ ಮಾಡುವುದರಿಂದ ಈ ವಾಲಿಕೆ ಕಡಿಮೆಯಾಗುತ್ತದೆ. 2019ರ ಆಗಸ್ಟ್, 2021ರ ಜುಲೈ ತಿಂಗಳ ಕೃಷ್ಣಾ ಮಹಾಪೂರ ನೆನಪಿಸಿಕೊಳ್ಳಿ. ಆ ದಿನಗಳಲ್ಲಿ ಹೊಳೆಸಾಲಿನ ದನ ಅರ್ಧ ಬೀಗರ ಊರಲ್ಲಿ, ಅರ್ಧ ಕಾಳಜಿ ಕೇಂದ್ರದಲ್ಲಿ. ಆಗ ಎಣಿಸಿದರೆ ಯಾವ ಊರಿನ ಲೆಕ್ಕವೂ ಆ ಊರಿನದಲ್ಲ.

ಹಾಲಿನ ವಿಷಯದಲ್ಲಿ ದೇಶವೇ ಗಾಬರಿಯಾದ ಒಂದು ಸರ್ವೆ ನಿಮಗೆ ನೆನಪಿರಬಹುದು. ಆಹಾರ ಸುರಕ್ಷತಾ ಪ್ರಾಧಿಕಾರ 2011ರಲ್ಲಿ 1,791 ಸ್ಯಾಂಪಲ್ ತೆಗೆದಾಗ ಶೇ. 68.4ರಷ್ಟು ಮಾನದಂಡಕ್ಕೆ ಹೊಂದಲಿಲ್ಲ. ಮರುದಿನ ಎಲ್ಲ ಕಡೆ "ನೂರಕ್ಕೆ ಅರವತ್ತೆಂಟು ಹಾಲು ಕಲಬೆರಕೆ" ಎಂಬ ಸುದ್ದಿ. ಫ್ಯಾಟ್ ಇಲ್ಲವೇ ಎಸ್‌ಎನ್‌ಎಫ್ ಕಡಿಮೆ ಇದ್ದದ್ದಕ್ಕೇ ಬಿದ್ದ ಸ್ಯಾಂಪಲ್‌ಗಳು ಅದರಲ್ಲಿ ಬಹಳ. ನೀರು ಹಾಕಿದರೂ ಎಸ್‌ಎನ್‌ಎಫ್ ಇಳಿಯುತ್ತದೆ, ಮೇವು ಸಾಲದ ಆಕಳಿನದೂ ಇಳಿಯುತ್ತದೆ, ಕೆಚ್ಚಲು ಬಾವು ಒಳಗೊಳಗೇ ಇದ್ದರೂ ಇಳಿಯುತ್ತದೆ. "ಹೊಂದಲಿಲ್ಲ" ಎನ್ನುವುದು "ವಿಷ ಬೆರೆಸಿದರು" ಎಂದಾಗಿ ಓಡಿತು. ಅದರ ಕೆಟ್ಟ ಹೆಸರು ಸರಿಯಾಗಿ ಹಾಲು ಹಾಕುವ ನಿಮ್ಮ ಮೇಲೂ ಬಂತು.

ಮುಂದೆ 2018ರ ಮೇ ತಿಂಗಳಿನಿಂದ ಅಕ್ಟೋಬರ್‌ವರೆಗೆ ಅದೇ ಪ್ರಾಧಿಕಾರ 6,432 ಸ್ಯಾಂಪಲ್ ತೆಗೆಯಿತು. ಸುರಕ್ಷತೆಗೆ ಧಕ್ಕೆ ಇಲ್ಲದವು ಶೇ. 93. ಆರೋಗ್ಯಕ್ಕೆ ಕೆಡುಕಾಗುವ ಕಲಬೆರಕೆ ಕಂಡದ್ದು 12ರಲ್ಲಿ ಮಾತ್ರ. ಹಾಗಾದರೆ ಸಮಸ್ಯೆ ಇಲ್ಲವೇ? ಇದೆ, ಆದರೆ ಬೇರೆ ಕಡೆ: 368 ಸ್ಯಾಂಪಲ್‌ನಲ್ಲಿ ಅಫ್ಲಾಟಾಕ್ಸಿನ್ ಮಿತಿ ಮೀರಿತ್ತು, 77ರಲ್ಲಿ ಆ್ಯಂಟಿಬಯಾಟಿಕ್ ಉಳಿಕೆ ಮಿತಿ ಮೀರಿತ್ತು. ಮೊದಲನೆಯದು ಬೂಸ್ಟು ಹಿಡಿದ ಹಿಂಡಿ, ಮೇವಿನಿಂದ ಬರುತ್ತದೆ. ಎರಡನೆಯದು ಇಂಜೆಕ್ಷನ್ ಕೊಟ್ಟ ಆಕಳಿನ ಹಾಲನ್ನು ಹೇಳಿದಷ್ಟು ದಿನ ಬಿಡದೆ ಡೇರಿಗೆ ಹಾಕಿದಾಗ. ಈ ಸರ್ವೆ ಮೊದಲಿನದಕ್ಕಿಂತ ಬಹಳ ದೊಡ್ಡದು, ಒಳ್ಳೆಯದು. ಆದರೂ ನೋಡಿ, ಸ್ಯಾಂಪಲ್ ತೆಗೆದದ್ದು 50 ಸಾವಿರಕ್ಕೂ ಹೆಚ್ಚು ಜನಸಂಖ್ಯೆಯ 1,103 ಪಟ್ಟಣಗಳಲ್ಲಿ. ನಮ್ಮ ಐನಾಪುರ ಆ ಪಟ್ಟಿಗೆ ಬರುವಷ್ಟು ದೊಡ್ಡ ಊರಲ್ಲ. ನವೆಂಬರ್‌ನಿಂದ ಏಪ್ರಿಲ್‌ವರೆಗಿನ ಹಾಲೂ ಅದರಲ್ಲಿ ಇಲ್ಲ. ಪಟ್ಟಣದ ಗ್ರಾಹಕ ಆ ಆರು ತಿಂಗಳು ಕುಡಿದ ಹಾಲಿನ ಬಗ್ಗೆ ಅದು ಚೆನ್ನಾಗಿ ಹೇಳುತ್ತದೆ, ನಮ್ಮ ಕೊಟ್ಟಿಗೆಯ ಜನವರಿ ಹಾಲಿನ ಬಗ್ಗೆ ಅಲ್ಲ.

ಅಳೆಯುವ ಸಾಧನದಲ್ಲೇ ವಾಲಿಕೆ ಕೂತಿರುವುದೂ ಉಂಟು. ಬೆಳೆ ವಿಮೆಯ ಕಟಾವು ಪ್ರಯೋಗ ನೀವು ನೋಡಿರುತ್ತೀರಿ. ಹೊಲದಲ್ಲಿ ಒಂದು ಚೌಕ ಗುರುತಿಸಿ, ಅದರ ಬೆಳೆ ಕೊಯ್ದು ತೂಗಿ ಇಡೀ ಊರಿನ ಇಳುವರಿ ಹೇಳುತ್ತಾರೆ. ನಮ್ಮ ಕೃಷ್ಣೆ ಹುಟ್ಟಿ ಬರುವ ಸಾತಾರಾ ಜಿಲ್ಲೆಯವರೇ ಆದ ಸಂಖ್ಯಾಶಾಸ್ತ್ರಜ್ಞ ಪಾಂಡುರಂಗ ಸುಖಾತ್ಮೆ 1940ರ ದಶಕದಲ್ಲಿ ಒಂದು ವಿಷಯ ತೋರಿಸಿಕೊಟ್ಟರು. ಚೌಕ ಚಿಕ್ಕದಾದಷ್ಟೂ ಇಳುವರಿ ನಿಜಕ್ಕಿಂತ ಹೆಚ್ಚು ಬರುತ್ತದೆ. ಕಾರಣ ಸರಳ: ಗಡಿಯ ಮೇಲೆ ನಿಂತ ಗಿಡ ಒಳಗೋ ಹೊರಗೋ ಎಂದು ಅನುಮಾನ ಬಂದಾಗ ಕೊಯ್ಯುವವನ ಕೈ ಅದನ್ನು ಒಳಗೇ ಎಳೆದುಕೊಳ್ಳುತ್ತದೆ. ಚೌಕ ಚಿಕ್ಕದಿದ್ದರೆ ಗಡಿಯ ಗಿಡಗಳ ಪಾಲು ಹೆಚ್ಚು. ಯಾರೂ ಮೋಸ ಮಾಡಲಿಲ್ಲ, ಆದರೂ ಲೆಕ್ಕ ವಾಲಿತು.

ಕರೆಯುವಾಗಲೂ ಇಂಥದ್ದೇ ನಡೆಯುತ್ತದೆ. ಆಕಳಿನ ಮೊದಲ ಸೆಳೆತದ ಹಾಲಿನಲ್ಲಿ ಫ್ಯಾಟ್ ಶೇ. 1ರಿಂದ 2 ಇದ್ದರೆ, ಕೊನೆಗೆ ಬರುವ ಗಟ್ಟಿ ಹಾಲಿನಲ್ಲಿ ಅದರ ಹಲವು ಪಟ್ಟು ಇರುತ್ತದೆ. ನೀವು ಕೊನೆಯ ಹಾಲನ್ನು ಕರುವಿಗೆ ಬಿಟ್ಟರೆ ಡೇರಿಗೆ ಹೋಗುವುದು ತೆಳು ಹಾಲು. ಆಗ "ನಮ್ಮ ಆಕಳ ತಳಿ ಸರಿ ಇಲ್ಲ" ಎಂದು ಆಕಳನ್ನು ದೂರಬೇಡಿ. ಕರುವಿಗೆ ಒಂದು ಮೊಲೆಯ ಹಾಲನ್ನೇ ಬಿಟ್ಟು, ಉಳಿದವನ್ನು ಪೂರ್ತಿ ಕರೆದು ನೋಡಿ. ಹೊಸ ಆಕಳು ಕೊಳ್ಳುವಾಗಂತೂ ಎಚ್ಚರ. ಹಿಂದಿನ ಹೊತ್ತು ಕರೆಯದೆ ಕೆಚ್ಚಲು ತುಂಬಿಸಿಕೊಂಡು ಬಂದ ಆಕಳು ನಿಮ್ಮ ಕಣ್ಣೆದುರಿಗೆ ಎಷ್ಟು ಕೊಟ್ಟರೂ ಅದು ಮಾರುವವನು ಆರಿಸಿದ ಸ್ಯಾಂಪಲ್. ಅವರ ಕೊಟ್ಟಿಗೆಗೇ ಹೋಗಿ ಸತತ ಮೂರು ಹೊತ್ತು ಕರೆಸಿ ನೋಡಿ. ಒಪ್ಪದಿದ್ದರೆ ಹಣ ಜೇಬಿನಲ್ಲೇ ಇರಲಿ.

ಇನ್ನು ಉತ್ತರ ಕೊಡುವವರ ಮಾತು. ಪಟ್ಟಿಯಲ್ಲಿ ಸದಸ್ಯರ ಹೆಸರು ಗಂಡಸರದು, ಕರೆಯುವವರು ಹೆಂಗಸರು. ನಾವು ಹೋಗಿ ಕಟ್ಟೆಯ ಮೇಲೆ ಕೂತ ಯಜಮಾನರನ್ನು ಕೇಳುತ್ತೇವೆ. ಅವರು "ಹತ್ತ ಲೀಟರ್ ಕೊಡತೈತ್ರಿ" ಎನ್ನುತ್ತಾರೆ. ಅದು ಈದ ತಿಂಗಳ ಲೆಕ್ಕ. ಒಳಗಿನಿಂದ ಅಕ್ಕಾರು "ಈಗ ಆರ ಬರತೈತಿ, ಬಲಗಡೆ ಹಿಂದಿನ ಮೊಲಿ ಗಟ್ಟಿ ಆಗೇತಿ" ಎಂದರೆ ಅದು ಇವತ್ತಿನ ಲೆಕ್ಕ, ಜೊತೆಗೆ ರೋಗದ ಸುಳಿವು ಕೂಡ. ಸಬ್ಸಿಡಿ ಬರಬಹುದು ಎನಿಸಿದರೆ ದನದ ಸಂಖ್ಯೆ ಏರುತ್ತದೆ, ಸಾಲ ವಸೂಲಿಗೆ ಬಂದರೋ ಎನಿಸಿದರೆ ಇಳಿಯುತ್ತದೆ. ನಿಮ್ಮನ್ನು ಬೈಯುತ್ತಿಲ್ಲ. ನಾವು ಏಕೆ ಕೇಳುತ್ತಿದ್ದೇವೆ ಎಂದು ಮೊದಲೇ ಬಿಡಿಸಿ ಹೇಳದಿದ್ದರೆ ಆ ತಪ್ಪು ನಮ್ಮದು.

ವೈದ್ಯರಾದ ನಮಗೂ ಒಂದು ವಾಲಿಕೆ ಅಂಟಿಕೊಂಡಿದೆ. ಬರಡು ರಾಸುಗಳ ಶಿಬಿರಕ್ಕೆ ನೀವು ತರುವುದು ಗಬ್ಬ ನಿಲ್ಲದ ಆಕಳನ್ನೇ. ಸಂಜೆ ಹೊತ್ತಿಗೆ "ಈ ಊರಲ್ಲಿ ಎಲ್ಲ ಆಕಳಿಗೂ ಇದೇ ತೊಂದರೆ" ಎನ್ನಿಸಿಬಿಡುತ್ತದೆ. ಶಿಬಿರದ ಲೆಕ್ಕ ಶಿಬಿರಕ್ಕೆ ಬಂದ ದನದ್ದು, ಊರಿನದಲ್ಲ.

ಇದನ್ನೆಲ್ಲ ತಪ್ಪಿಸುವುದು ಹೇಗೆ? ದಾರಿ ಕಷ್ಟದ್ದೇನಲ್ಲ, ತಾಳ್ಮೆಯದು. ಮೊದಲು ಊರೊಳಗಿನ, ತೋಟದ, ಸದಸ್ಯರ, ಸದಸ್ಯರಲ್ಲದ ಎಲ್ಲ ಮನೆಗಳ ಪಟ್ಟಿ ಆಗಬೇಕು. ಕಿವಿಯ ಓಲೆಯ 12 ಅಂಕಿ ಇದಕ್ಕೆ ಸಹಾಯ ಮಾಡುತ್ತದೆ. ಮನೆಗಳ ಸಂಖ್ಯೆ ಬರೆದ ಚೀಟಿಗಳನ್ನು ಕೊಡದಲ್ಲಿ ಹಾಕಿ, ಚೆನ್ನಾಗಿ ಕಲಸಿ, ಶಾಲೆಯ ಒಂದು ಹುಡುಗಿಯಿಂದ ಎತ್ತಿಸಬೇಕು. ಅಧ್ಯಕ್ಷರ ಮನೆ, ಪರಿಚಯದ ಮನೆ ಎನ್ನುವ ಮಾತಿಲ್ಲ. ಎತ್ತಿದ ಮನೆಗೆ ಬೀಗ ಇದ್ದರೆ ಪಕ್ಕದ ಮನೆ ಹೊಕ್ಕು ಲೆಕ್ಕ ತುಂಬಿಸಬಾರದು. ಇದು ಎಲ್ಲಕ್ಕಿಂತ ಹೆಚ್ಚು ನಡೆಯುವ ತಪ್ಪು. ಬೀಗ ಹಾಕಿದವರು ಕಬ್ಬು ಕಡಿಯಲು ಹೋಗಿರುತ್ತಾರೆ. ಹಗಲು ಮನೆಯಲ್ಲಿ ಇರುವವರ ದನ ಬೇರೆ, ಕೂಲಿಗೆ ಹೋಗುವವರ ದನ ಬೇರೆ. ಸಂಜೆ ಮತ್ತೆ ಹೋಗಬೇಕು.

ನಿಮ್ಮ ಕಡೆಯಿಂದ ಆಗಬೇಕಾದದ್ದು ಹೀಗಿದೆ. ಹಿಂದಿನ ವರ್ಷದಲ್ಲಿ ಮಾರಿದ್ದು, ಸತ್ತದ್ದು, ಬತ್ತಿದ್ದು, ಕಂದು ಹಾಕಿದ್ದು ಎಲ್ಲವನ್ನೂ ಹೇಳಿ. ಆಕಳು ತಿಂಗಳು ತುಂಬದ ಕರು ಹಾಕಿದರೆ ಅದೇ ದಿನ ಸಂಘದ ಕಾರ್ಯದರ್ಶಿಗೆ ತಿಳಿಸಿ, ನಾವು ರಕ್ತದ ಸ್ಯಾಂಪಲ್ ತೆಗೆಯುತ್ತೇವೆ. ಕಸವನ್ನು, ಅಂದರೆ ಮಾಸನ್ನು, ಬರಿಗೈಯಿಂದ ಮುಟ್ಟಬೇಡಿ. ಸತ್ತ ಕರು, ಮಾಸು ಎರಡನ್ನೂ ನಾಯಿಗೆ ಸಿಗದಂತೆ ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಿ. ಹಾಲು ಕುದಿಸಿಯೇ ಕುಡಿಯಿರಿ. ಆಕಳನ್ನು ಸಂತೆಗೆ ಅಟ್ಟಬೇಡಿ, ಪರೀಕ್ಷೆಯ ಫಲಿತಾಂಶ ಬರಲಿ. 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಕಂದು ರೋಗದ ಲಸಿಕೆ ಒಂದೇ ಸಲ ಸಾಕು. 2019ರ ಸೆಪ್ಟೆಂಬರ್‌ನಲ್ಲಿ ಶುರುವಾದ ರಾಷ್ಟ್ರೀಯ ಪ್ರಾಣಿ ರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ ಕಾಲುಬಾಯಿ ಬೇನೆಯ ಜೊತೆ ಇದೂ ಸೇರಿದೆ.

ಹಳ್ಳದಾಚೆಯ ಆ ಊರಿಗೆ ಎರಡನೇ ಸಲ ಚೀಟಿ ಎತ್ತಿಸಿ ಹೋದೆ. ಮೊದಲ ಚೀಟಿಯ ಮನೆಗೆ ಬೀಗ. ಮರುದಿನ ಬೆಳಿಗ್ಗೆಯೂ ಬೀಗ. ಮೂರನೇ ಸಲ ದೀಪ ಹಚ್ಚುವ ಹೊತ್ತಿಗೆ ಹೋದಾಗ ಒಬ್ಬ ಅಕ್ಕಾರು ತಲೆಯ ಮೇಲಿನ ಕಬ್ಬಿನ ಸೋಗೆಯ ಹೊರೆ ಇಳಿಸುತ್ತಿದ್ದರು. ಬಂದ ಕಾರಣ ಹೇಳಿದೆ. ಅವರು ಕರೆಯುವ ಎಮ್ಮೆ ತೋರಿಸಿದರು, ಆಮೇಲೆ ಸ್ವಲ್ಪ ತಡೆದು ಕೇಳಿದರು: "ಹಿತ್ತಲದಾಗ ಒಂದ ಗೊಡ್ಡ ಆಕಳ ಐತ್ರಿ, ಹೋದ ತಿಂಗಳ ಕರಾ ಹಾಕೇತಿ. ಅದನ್ನೂ ನೋಡ್ತೀರೇನ್ರಿ?"